ಹತ್ತು ಡಿಸ್ಕಿಗೆ ಒಂದು ಕ್ಯಾಬಿನೆಟ್: ಮನೆಯ ಫೈಲ್ ಸರ್ವರ್‌ಗಾಗಿ ಹುಡುಕಿ, ತರಿಸಿ, ಜೋಡಿಸಿದ ಅನುಭವ

ಮನೆಯ ಫೈಲ್ ಸರ್ವರ್‌ಗೆ (ಮನೆಯವರ ಫೈಲುಗಳನ್ನೆಲ್ಲ ಒಂದೆಡೆ ಇಡುವ ಕಂಪ್ಯೂಟರ್) ದೊಡ್ಡ ಕ್ಯಾಬಿನೆಟ್, ಅಂದರೆ ಕಂಪ್ಯೂಟರಿನ ಹೊರಪೆಟ್ಟಿಗೆ, ಹುಡುಕುವ ಕೆಲಸ ಮೊನ್ನೆಯಷ್ಟೇ ಮುಗಿಯಿತು. ಡಿಸ್ಕ್, ಬೋರ್ಡ್ (ಮದರ್‌ಬೋರ್ಡ್), ಸಾಫ್ಟ್‌ವೇರ್ ಬಗ್ಗೆ ಕೇಳಿದರೆ ಹೇಳುವವರು ಬೇಕಾದಷ್ಟು ಜನ. ಕ್ಯಾಬಿನೆಟ್ ವಿಷಯ ಬಂದರೆ ಮಾತ್ರ ‘ದೊಡ್ಡದೊಂದು ತಗೊಂಡ್ಬಿಡಿ’ ಅನ್ನುವಲ್ಲಿಗೆ ಮಾತು ನಿಂತುಬಿಡುತ್ತದೆ. ಎಷ್ಟು ದೊಡ್ಡದು, ಡಬ್ಬದ ಮೇಲೆ ಬರೆದ ಡಿಸ್ಕಿನ ಸಂಖ್ಯೆಯನ್ನು ಎಷ್ಟರಮಟ್ಟಿಗೆ ನಂಬಬೇಕು, ದಾವಣಗೆರೆಯಂಥ ಊರಿಗೆ ಅದನ್ನು ತರಿಸುವುದು ಹೇಗೆ ಎಂಬುದನ್ನೆಲ್ಲ ಒಂದೊಂದಾಗಿ ತಿಳಿದುಕೊಳ್ಳಬೇಕಾಯಿತು. ಇದೇ ದಾರಿ ಹಿಡಿಯುವವರಿಗೆ ಅಷ್ಟು ಅಲೆದಾಟ ಬೇಡ ಎಂದು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. ನಮಗೆ ಬೇಕಿದ್ದದ್ದು 8 ಟಿಬಿಯ ಎಂಟು ಡಿಸ್ಕ್. ಡಿಸ್ಕುಗಳನ್ನು ಒಂದಾಗಿ ನಡೆಸುವ ಜೆಡ್‌ಎಫ್‌ಎಸ್ ಎಂಬ ಸಾಫ್ಟ್‌ವೇರಿನ ರೇಡ್-ಜೆಡ್2 ವಿಧಾನದಲ್ಲಿ ಎರಡು ಡಿಸ್ಕಿನಷ್ಟು ಜಾಗ ಪ್ಯಾರಿಟಿಗೆ (ಡಿಸ್ಕ್ ಕೆಟ್ಟಾಗ ಅದರಲ್ಲಿದ್ದುದನ್ನು ಮರಳಿ ಪಡೆಯಲು ಇಡುವ ಲೆಕ್ಕ) ಹೋಗಿ 48 ಟಿಬಿ ಉಳಿಯುತ್ತದೆ. 1024ರ ಲೆಕ್ಕದಲ್ಲಿ ಕಂಪ್ಯೂಟರ್ ಅದನ್ನು ಸುಮಾರು 43.7 ಎಂದು ತೋರಿಸುತ್ತದೆ. ಆದರೆ ಡಿಸ್ಕ್ ಎಂಟು ಅಂದಮಾತ್ರಕ್ಕೆ ಎಂಟೇ ಜಾಗವಿರುವ ಕ್ಯಾಬಿನೆಟ್ ತೆಗೆದುಕೊಳ್ಳಬಾರದು. ಒಂದು ಡಿಸ್ಕ್ ಕೈಕೊಡುವ ಸೂಚನೆ ತೋರಿಸಿದಾಗ ಅದನ್ನು ಕೀಳದೆ, ಪಕ್ಕದಲ್ಲೇ ಹೊಸದನ್ನು ಕೂರಿಸಿ ಬದಲಿಸುವುದು ಎಲ್ಲಕ್ಕಿಂತ ಸುರಕ್ಷಿತ. ಹಳೆಯದರಲ್ಲಿ ಇನ್ನೂ ಓದಲು ಬರುವುದನ್ನೆಲ್ಲ ಓದಿಕೊಂಡೇ ಹೊಸದು ತುಂಬುತ್ತದೆ, ಪ್ಯಾರಿಟಿಯ ರಕ್ಷಣೆಯೂ ಅಷ್ಟು ಹೊತ್ತು ಕುಂದುವುದಿಲ್ಲ. ಅದಕ್ಕೊಂದು ಖಾಲಿ ಜಾಗ ಬೇಕು. 2025ರ ಜನವರಿಯಲ್ಲಿ ಬಂದ ಓಪನ್‌ಜೆಡ್‌ಎಫ್‌ಎಸ್ 2.3ರಿಂದ ಈಚೆಗೆ ರೇಡ್-ಜೆಡ್‌ಗೆ ಒಂದೊಂದೇ ಡಿಸ್ಕ್ ಸೇರಿಸಿ ಹಿಗ್ಗಿಸಲೂ ಬರುತ್ತದೆ. ಅದಕ್ಕೆ ಇನ್ನೊಂದು ಜಾಗ. ಹೀಗೆ ಹತ್ತು ಎಂದು ನಿಶ್ಚಯಿಸಿ ಹುಡುಕಾಟ ಶುರುವಾಯಿತು.

ಎರಡನೆಯದು ಅಳತೆ ಟೇಪ್. ಅಂಗಡಿಗೆ ಹೋಗುವ ಮೊದಲೇ ಸರ್ವರ್ ಕೂರುವ ಜಾಗವನ್ನು ಅಳೆಯಿರಿ. ನಮ್ಮ ಕಡೆಯ ಮನೆಗಳಲ್ಲಿ ಗೋಡೆ ಬೀರುವಿನ ಕಡಪಾ ಕಲ್ಲಿನ ಹಲಗೆ ಸಾಮಾನ್ಯವಾಗಿ ಒಂದೂವರೆ ಅಡಿ, ಹೆಚ್ಚೆಂದರೆ ಎರಡಡಿ ಆಳ. ಎರಡಡಿ ಅಂದರೆ 610 ಮಿ.ಮೀ. ದೊಡ್ಡ ಟವರ್ ಕ್ಯಾಬಿನೆಟ್ಟಿನ ಉದ್ದವೇ 600 ಮಿ.ಮೀ. ಆಸುಪಾಸು ಇರುತ್ತದೆ. ಕಾಗದದ ಮೇಲೆ ಕೂರುವಂತೆ ಕಂಡರೂ ಹಿಂದೆ ಪವರ್ ಕೇಬಲ್ಲು, ನೆಟ್‌ವರ್ಕ್ ಕೇಬಲ್ಲು ಬಾಗಲು 70–80 ಮಿ.ಮೀ., ಮುಂದೆ ಗಾಳಿ ಎಳೆದುಕೊಳ್ಳಲು ಅಷ್ಟೇ ಜಾಗ ಬೇಕು. ಎಲ್ಲ ಸೇರಿ 750 ಮಿ.ಮೀ. ಇಲ್ಲದಿದ್ದರೆ ಬೀರುವಿನ ಆಸೆ ಬಿಟ್ಟು ನೆಲದ ಮೇಲೆ ಜಾಗ ನೋಡಬೇಕು. ಬಾಗಿಲಿರುವ ಬೀರುವಂತೂ ಬೇಡವೇ ಬೇಡ. ಬಿಸಿ ಗಾಳಿ ಒಳಗೇ ಸುತ್ತಿ ಮತ್ತೆ ಫ್ಯಾನಿನ ಬಾಯಿಗೆ ಬರುತ್ತದೆ.

ಆಮೇಲೆ ಮಾದರಿಗಳ ಪಟ್ಟಿ. ಮೊದಲು ಮನಸ್ಸಿಗೆ ಬಂದದ್ದು ರ‍್ಯಾಕಿಗೆ ಹಾಕುವ 4ಯು ಪೆಟ್ಟಿಗೆ, ಅಂದರೆ ಸರ್ವರ್ ಜೋಡಿಸುವ ಕಬ್ಬಿಣದ ಚೌಕಟ್ಟಿನ ನಾಲ್ಕು ಅಂತಸ್ತು ತುಂಬುವಂಥದ್ದು. ಅಗಲ 19 ಇಂಚು, ಎತ್ತರ 178 ಮಿ.ಮೀ., ಡಿಸ್ಕ್ ಧಾರಾಳವಾಗಿ ಹಿಡಿಸುತ್ತದೆ. ಆದರೆ ಅದು ರ‍್ಯಾಕಿನಲ್ಲಿ ಕೂರಿಸುವುದಕ್ಕೆಂದು ಮಾಡಿದ್ದು. ಅದರ ನಡುವಿನ ಫ್ಯಾನ್‌ಗಳ ಸಾಲು ಮಲಗುವ ಕೋಣೆಯ ಪಕ್ಕದಲ್ಲಿ ಇಡುವಂಥದ್ದಲ್ಲ. ಜೋನ್ಸ್‌ಬೋ ಎನ್3 ಪುಟ್ಟ ಗಾತ್ರದಲ್ಲಿ ಎಂಟು ಡಿಸ್ಕ್ ಹಿಡಿಸುತ್ತದೆ, ಆದರೆ ಮಿನಿ-ಐಟಿಎಕ್ಸ್ ಎಂಬ ಪುಟ್ಟ ಬೋರ್ಡೇ ಆಗಬೇಕು. ಅಂಥ ಬೋರ್ಡಿನಲ್ಲಿ ಕಾರ್ಡ್ ಹಾಕುವ ಸ್ಲಾಟ್ ಒಂದೇ. ಅದಕ್ಕೆ ಡಿಸ್ಕ್ ಕಾರ್ಡ್ (ಹೆಚ್ಚು ಡಿಸ್ಕ್ ಜೋಡಿಸಲು ಹಾಕುವ ಕಾರ್ಡ್) ಹಾಕಿದರೆ ವೇಗದ ನೆಟ್‌ವರ್ಕ್ ಕಾರ್ಡಿಗೆ ಜಾಗವಿಲ್ಲ. ಫ್ರಾಕ್ಟಲ್ ಡಿಸೈನ್ ಕಂಪನಿಯ ನೋಡ್ 804 ಚೌಕದ ಪೆಟ್ಟಿಗೆ, ತುಸು ದೊಡ್ಡದಾದ ಮೈಕ್ರೋ ಎಟಿಎಕ್ಸ್ ಬೋರ್ಡು, ನೇತುಹಾಕುವ ಎಂಟು ಡಿಸ್ಕ್. ಆಳ 389 ಮಿ.ಮೀ. ಆದ್ದರಿಂದ ಒಂದೂವರೆ ಅಡಿಯ ಹಲಗೆ ಮಾತ್ರ ಇರುವವರಿಗೆ ನಾನು ಕಣ್ಣುಮುಚ್ಚಿ ಇದನ್ನೇ ಹೇಳುತ್ತೇನೆ. ಅದೇ ಕಂಪನಿಯ ಹಳೆಯ ಡಿಫೈನ್ ಆರ್5 ಮತ್ತು ಆಂಟೆಕ್ ಪಿ101 ಸೈಲೆಂಟ್ ಎರಡರಲ್ಲೂ ಎಂಟು ಜಾಗ. ಇವುಗಳ ಒಳ್ಳೆಯ ಗುಣವೆಂದರೆ ಡಿಸ್ಕ್ ಕೂರಿಸುವ ಎಂಟೂ ಟ್ರೇ ಡಬ್ಬದಲ್ಲೇ ಬರುತ್ತವೆ. ಎಂಟಕ್ಕೇ ಸಾಕು ಅನ್ನುವವರು ಇವನ್ನು ಬಿಟ್ಟು ಮುಂದೆ ನೋಡಬೇಕಿಲ್ಲ.

ಹತ್ತು ಬೇಕು ಎಂದ ಕೂಡಲೇ ಆಯ್ಕೆ ಥಟ್ಟನೆ ಕುಗ್ಗುತ್ತದೆ. ಕೊನೆಗೆ ಫ್ರಾಕ್ಟಲ್‌ನ ಡಿಫೈನ್ 7 ಎಕ್ಸ್‌ಎಲ್ ಮೇಲೆ ಮನಸ್ಸು ನಿಂತಿತು. ಉದ್ದ 604, ಅಗಲ 240, ಎತ್ತರ 566 ಮಿ.ಮೀ., ಖಾಲಿ ಕ್ಯಾಬಿನೆಟ್ಟೇ 16 ಕಿಲೋ ಮೇಲೆ.

ಇಲ್ಲೇ ಎಲ್ಲರೂ ತಿಳಿದಿರಬೇಕಾದ ಸಂಗತಿಯೊಂದಿದೆ. ಈ ಮಾದರಿಯ ವಿವರದಲ್ಲಿ 18 ಡಿಸ್ಕ್ ಎಂದು ಬರೆದಿರುತ್ತದೆ. ಅದು ಒಳಗಿನ ಚೌಕಟ್ಟಿನಲ್ಲಿ ಎಷ್ಟು ಕೂರಿಸಲು ಸಾಧ್ಯ ಎಂಬ ಲೆಕ್ಕ. ಡಬ್ಬದಲ್ಲಿ ಬರುವ ಡಿಸ್ಕ್ ಟ್ರೇ ಆರು ಮಾತ್ರ, ಜತೆಗೆ ಎರಡು ಮಲ್ಟಿ ಬ್ರ್ಯಾಕೆಟ್ (ಹಲವು ಬಗೆಯಲ್ಲಿ ಬಳಸುವ ಹಿಡಿಕೆ). ಉಳಿದದ್ದಕ್ಕೆ ಟೈಪ್-ಬಿ ಎಂಬ ಟ್ರೇ ಕಿಟ್ ಬೇರೆಯಾಗಿ ಕೊಳ್ಳಬೇಕು, ಒಂದು ಕಿಟ್ಟಿನಲ್ಲಿ ಎರಡು ಟ್ರೇ. ಹತ್ತು ಡಿಸ್ಕಿಗೆ ಎರಡು ಕಿಟ್. ಯಾವ ಕಂಪನಿಯ ಕ್ಯಾಬಿನೆಟ್ ನೋಡುತ್ತಿದ್ದರೂ ‘ಗರಿಷ್ಠ ಎಷ್ಟು’ ಎಂಬುದನ್ನು ಬಿಟ್ಟು ‘ಡಬ್ಬದಲ್ಲಿ ಟ್ರೇ ಎಷ್ಟು, ಹೆಚ್ಚಿನ ಟ್ರೇ ನಮ್ಮಲ್ಲಿ ಸಿಗುತ್ತದೆಯೇ’ ಎಂಬ ಎರಡೇ ಪ್ರಶ್ನೆ ಕೇಳಿ. ಕ್ಯಾಬಿನೆಟ್ ಮಾದರಿ ನಿಂತುಹೋದರೆ ಟ್ರೇಯೂ ಮಾಯವಾಗುತ್ತದೆ. ಆದ್ದರಿಂದ ಮುಂದೆ ಬೇಕಾಗುವ ಟ್ರೇಗಳನ್ನು ಕ್ಯಾಬಿನೆಟ್ ಜತೆಗೇ ಕೊಂಡಿಟ್ಟುಕೊಳ್ಳುವುದು ಜಾಣತನ.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕಣ್ಣಾರೆ ನೋಡಿ ಕೊಳ್ಳುವ ಉದ್ದೇಶವಿತ್ತು. ಅಂಗಡಿಗಳ ತುಂಬ ಗಾಜಿನ ಬದಿ, ಬಣ್ಣದ ದೀಪದ ಕ್ಯಾಬಿನೆಟ್ಟುಗಳು. ಡಿಸ್ಕಿಗೆ ಅವುಗಳಲ್ಲಿ ಎರಡು, ಬಹಳವೆಂದರೆ ಮೂರು ಜಾಗ. ಒಂದು ಅಂಗಡಿಯವರು ಸೌಜನ್ಯದಿಂದಲೇ ಹೇಳಿದರು: “ಈಗೆಲ್ಲಾ ಗ್ಲಾಸ್ ಮಾಡೆಲ್ಲೇ ಓಡೋದು ಸರ್. ಹತ್ತು ಡಿಸ್ಕ್ ಹಾಕೋರು ವರ್ಷಕ್ಕೆ ಒಬ್ರೋ ಇಬ್ರೋ ಬರ್ತಾರೆ. ಅಡ್ವಾನ್ಸ್ ಕೊಡಿ, ತರಿಸಿಕೊಡ್ತೀನಿ.” ಮುಂಗಡ ಕೊಡುವಾಗ ರಸೀದಿಯ ಮೇಲೆ ಮಾದರಿಯ ಪೂರ್ತಿ ಹೆಸರು ಬರೆಸಿಕೊಳ್ಳಿ. ಡಿಫೈನ್ 7, ಡಿಫೈನ್ 7 ಕಾಂಪ್ಯಾಕ್ಟ್, ಡಿಫೈನ್ 7 ಎಕ್ಸ್‌ಎಲ್ ಮೂರೂ ಬೇರೆ ಬೇರೆ. ಗಾಜಿನ ಬದಿ ಇರುವುದು, ಇಲ್ಲದ್ದು ಎಂದು ಇನ್ನೂ ಎರಡು ಬಗೆ. ಸರ್ವರ್‌ಗೆ ಗಾಜು ಬೇಡ, ತಗಡಿನ ಬದಿಯೇ ಮೇಲು. ಟ್ರೇ ಕಿಟ್ಟನ್ನೂ ಅದೇ ರಸೀದಿಯಲ್ಲಿ ಸೇರಿಸಿ, ಎರಡೂ ಬಂದಮೇಲೆ ಬಾಕಿ ಹಣ ಎಂದು ಮಾತಾಡಿಕೊಂಡದ್ದು ಒಳ್ಳೆಯದಾಯಿತು. ಕ್ಯಾಬಿನೆಟ್ ಬಂದು ಎಷ್ಟೋ ದಿನ ಟ್ರೇ ಬರಲೇ ಇಲ್ಲ. ಡಿಸ್ಕುಗಳ ವಾರಂಟಿ ಮನೆಯಲ್ಲಿ ಕೂತೇ ಕರಗುತ್ತಿದೆಯಲ್ಲ ಎಂಬ ಚಡಪಡಿಕೆ ಆಗ ನಿಜಕ್ಕೂ ಕಾಡಿತು. ಟ್ರೇ ಕೈಗೆ ಬರುವವರೆಗೆ ಡಿಸ್ಕ್ ಕೊಳ್ಳಬೇಡಿ ಎಂದು ಗಟ್ಟಿಯಾಗಿ ಹೇಳಲು ಇದೇ ಕಾರಣ.

ಸಾಗಾಟದ ವಿಷಯ. ದೊಡ್ಡ ಕ್ಯಾಬಿನೆಟ್ಟಿಗೆ ಕೊರಿಯರ್‌ನವರು ತಕ್ಕಡಿಯ ತೂಕ ಹಿಡಿಯುವುದಿಲ್ಲ, ಡಬ್ಬದ ಗಾತ್ರ ಹಿಡಿಯುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. 70, 33, 65 ಸೆ.ಮೀ.ನ ಡಬ್ಬ ಎಂದಿಟ್ಟುಕೊಂಡರೆ 30 ಕಿಲೋ ಆಯಿತು, ನಿಜವಾದ ತೂಕ 20ರ ಒಳಗಿದ್ದರೂ. ಬಸ್ ಪಾರ್ಸೆಲ್‌ನಲ್ಲಿ ಹಾಕಿಸಿದ್ದು ಅಗ್ಗವಾಯಿತು. ಪಾರ್ಸೆಲ್ ಬಿಡಿಸಿಕೊಳ್ಳಲು ರಸೀದಿ, ಗುರುತಿನ ಚೀಟಿ, ಬಿಲ್ಲಿನ ಪ್ರತಿ ಇಟ್ಟುಕೊಂಡು ಹೋಗಿ. ಇನ್ನೊಂದು ತೊಡಕು ಹಲವರಿಗೆ ಗೊತ್ತಿರುವುದಿಲ್ಲ. ಬಿಲ್ಲಿನ ಮೊತ್ತ 50,000 ರೂಪಾಯಿ ದಾಟಿದರೆ ಸಾಗಾಟಕ್ಕೆ ಇ-ವೇ ಬಿಲ್ (ಜಿಎಸ್‌ಟಿಯ ಸಾಗಾಟದ ಚೀಟಿ) ಬೇಕು. ಕ್ಯಾಬಿನೆಟ್ ಒಂದೇ ಇದ್ದರೆ ಆ ಪ್ರಶ್ನೆ ಬರುವುದಿಲ್ಲ, ಡಿಸ್ಕುಗಳೂ ಅದೇ ಬಿಲ್ಲಿನಲ್ಲಿದ್ದರೆ ಖಂಡಿತ ಬರುತ್ತದೆ. ಅದನ್ನು ತೆಗೆದುಕೊಡುವಂತೆ ಅಂಗಡಿಯವರಿಗೆ ಮೊದಲೇ ಹೇಳಿ, ಇಲ್ಲವಾದರೆ ಪಾರ್ಸೆಲ್ ಕೌಂಟರಿನಲ್ಲೇ ಸರಕು ನಿಲ್ಲುತ್ತದೆ. ಡಿಸ್ಕುಗಳನ್ನು ಕ್ಯಾಬಿನೆಟ್ಟಿನ ಒಳಗೆ ಕೂರಿಸಿ ಮಾತ್ರ ಕಳಿಸಬಾರದು. ಒಂದೊಂದೂ ಮುಕ್ಕಾಲು ಕಿಲೋಗೆ ಹತ್ತಿರ ತೂಗುವ ವಸ್ತು, ಟ್ರೇಯ ಕೊಂಡಿ ಕಳಚಿದರೆ ಒಂದರ ಮೇಲೊಂದು ಬೀಳುತ್ತವೆ.

ಡಬ್ಬ ಮನೆಗೆ ಬಂದಾಗ ಬಿಚ್ಚುವುದನ್ನು ಮೊದಲಿನಿಂದ ಕೊನೆಯವರೆಗೆ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಒಳಗಿನ ಥರ್ಮಾಕೋಲ್ ಮೂಲೆಗಳು ಮುರಿದಿವೆಯೇ ನೋಡಿ. ಕ್ಯಾಬಿನೆಟ್ಟನ್ನು ಸಮತಟ್ಟಾದ ನೆಲದ ಮೇಲಿಟ್ಟು ಎದುರುಬದುರು ಮೂಲೆಗಳನ್ನು ಒತ್ತಿದಾಗ ಕುಂಟಿದರೆ ಚೌಕಟ್ಟು ತಿರುಚಿದೆ ಎಂದೇ ಅರ್ಥ. ಬದಿಯ ತಗಡುಗಳನ್ನು ತೆಗೆದು ಹಾಕಿ ನೋಡಬೇಕು, ಆರೂ ಟ್ರೇಗಳನ್ನು ಪ್ರತಿಯೊಂದು ಜಾಗದಲ್ಲೂ ಕೂರಿಸಿ ಎಳೆದು ನೋಡಬೇಕು. ಇದೆಲ್ಲ ಬೋರ್ಡ್ ಕೂರಿಸುವ ಮೊದಲೇ ಆಗಬೇಕು, ಸ್ಕ್ರೂ ಬಿಗಿದಮೇಲೆ ವಾಪಸ್ ಮಾಡುವುದು ಕಷ್ಟ. ಡಬ್ಬ, ಥರ್ಮಾಕೋಲ್ ಎರಡನ್ನೂ ಅಟ್ಟದ ಮೇಲೆ ಇಟ್ಟಿರಿ.

ಜೋಡಣೆಗೆ ಬರೋಣ. ಡಿಫೈನ್ 7 ಎಕ್ಸ್‌ಎಲ್ ಬರುವುದು ತೆರೆದ ವಿನ್ಯಾಸದಲ್ಲಿ. ಹೆಚ್ಚು ಡಿಸ್ಕ್ ಬೇಕಾದರೆ ಒಳಗೋಡೆಯ ತಗಡನ್ನು ಕಳಚಿ ಜಾಗ ಬದಲಿಸಿ, ಮುಂದಿನ ಫ್ಯಾನುಗಳ ಹಿಂದೆ ಟ್ರೇಗಳ ಸಾಲು ಬರುವಂತೆ ಮಾಡಿಕೊಳ್ಳಬೇಕು. ಬೋರ್ಡ್ ಹಾಕುವ ಮೊದಲೇ ಇದನ್ನು ಮುಗಿಸಿದರೆ ಕೈ ಆಡಿಸಲು ಜಾಗವಿರುತ್ತದೆ.

ಸ್ಕ್ರೂಗಳಲ್ಲಿ ಎರಡು ಬಗೆ. ಮೂರೂವರೆ ಇಂಚಿನ ಡಿಸ್ಕಿಗೆ ದಪ್ಪ ಮರೆಯ (ಸುತ್ತುಗೆರೆಯ) 6-32, ಎಸ್‌ಎಸ್‌ಡಿಗೆ ಸಣ್ಣ ಮರೆಯ ಎಂ3. ಒಂದರ ಜಾಗಕ್ಕೆ ಇನ್ನೊಂದನ್ನು ಬಲವಂತವಾಗಿ ತಿರುಗಿಸಿದರೆ ಡಿಸ್ಕಿನ ಮರೆ ಹಾಳಾಗಿ ವಾರಂಟಿಗೂ ಕುತ್ತು. ದೊಡ್ಡ ಸಾಮರ್ಥ್ಯದ ಡಿಸ್ಕ್ ಕೊಳ್ಳುವವರು ಇದರ ಜತೆಗೆ ತಳದ ತೂತುಗಳನ್ನೂ ನೋಡಬೇಕು. ಹಳೆಯ ಅಳತೆಯಲ್ಲಿ ತಳದ ಎರಡು ತೂತುಗಳ ನಡುವೆ 44.45 ಮಿ.ಮೀ. ಅಂತರ. ಒಳಗೆ ಹೆಚ್ಚು ತಟ್ಟೆಗಳಿರುವ ಹಲವು ಹೊಸ ಡಿಸ್ಕುಗಳಲ್ಲಿ ಆ ನಡುವಿನ ತೂತು ಇರುವುದೇ ಇಲ್ಲ, ಬದಲಿಗೆ 76.2 ಮಿ.ಮೀ. ದೂರದಲ್ಲಿ ಇನ್ನೊಂದು. ಟ್ರೇಯಲ್ಲಿ ಎರಡೂ ಅಳತೆಯ ತೂತು ಇಲ್ಲದಿದ್ದರೆ ಡಿಸ್ಕ್ ಎರಡೇ ಸ್ಕ್ರೂ ಮೇಲೆ ನಿಲ್ಲುತ್ತದೆ, ಆಮೇಲೆ ಅದುರುತ್ತದೆ. ರಬ್ಬರ್ ಬಿಲ್ಲೆಯ ಮೂಲಕ ಹೋಗುವ ಸ್ಕ್ರೂವನ್ನು ಅದರ ಭುಜ ತಾಗುವವರೆಗೆ ಮಾತ್ರ ತಿರುಗಿಸಿ. ರಬ್ಬರ್ ಚಪ್ಪಟೆಯಾಗುವಂತೆ ಬಿಗಿದರೆ ಅದು ಇದ್ದೂ ಇಲ್ಲದಂತೆ.

ಪವರ್ ಕೇಬಲ್ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯಬೇಕು, ಡಿಸ್ಕುಗಳು ಸುಟ್ಟುಹೋಗುವುದು ಇಲ್ಲೇ. ಒಂದು ಡಿಸ್ಕ್ ತಿರುಗಲು ಶುರುವಾಗುವ ಕೆಲವು ಕ್ಷಣ 12 ವೋಲ್ಟಿನಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ. ಹತ್ತೂ ಒಟ್ಟಿಗೆ ಎದ್ದರೆ 20 ಆಂಪಿಯರ್, ಅಂದರೆ 240 ವ್ಯಾಟ್. ಓಡುತ್ತಿರುವಾಗ ಎಲ್ಲ ಸೇರಿ 60–70 ವ್ಯಾಟ್ ಅಷ್ಟೇ. ಒಳ್ಳೆಯ ಗುಣಮಟ್ಟದ 550 ವ್ಯಾಟ್ ಎಸ್‌ಎಂಪಿಎಸ್‌ಗೆ (ಕಂಪ್ಯೂಟರಿಗೆ ವಿದ್ಯುತ್ ಕೊಡುವ ಪೆಟ್ಟಿಗೆ) ಇದು ಭಾರವಲ್ಲ. ನೋಡಬೇಕಾದದ್ದು ವ್ಯಾಟ್ ಅಲ್ಲ, ಡಿಸ್ಕಿಗೆ ಚುಚ್ಚುವ ಸಾಟಾ ಬಗೆಯ ಪವರ್ ಕನೆಕ್ಟರ್ ಎಷ್ಟಿವೆ ಎಂಬುದು. ಹಲವು ಎಸ್‌ಎಂಪಿಎಸ್‌ಗಳಲ್ಲಿ ಆರು ಅಥವಾ ಎಂಟು. ನಮಗೆ ಹತ್ತು ಡಿಸ್ಕಿಗೆ, ಫ್ಯಾನ್ ಹಬ್ಬಿಗೆ, ಬೂಟ್ ಎಸ್‌ಎಸ್‌ಡಿಗೆ ಸೇರಿ ಹನ್ನೆರಡು ಬೇಕು. ಒಂದು ಕೇಬಲ್ ಸರಕ್ಕೆ ನಾಲ್ಕಕ್ಕಿಂತ ಹೆಚ್ಚು ಡಿಸ್ಕ್ ಕಟ್ಟಬೇಡಿ. ಅಚ್ಚಿನಲ್ಲಿ ಎರಕ ಹೊಯ್ದಂತೆ ಮಾಡಿದ ಅಗ್ಗದ ಮೋಲೆಕ್ಸ್-ಸಾಟಾ ಅಡಾಪ್ಟರ್ (ಹಳೆಯ ಬಗೆಯ ಪವರ್ ಕನೆಕ್ಟರನ್ನು ಸಾಟಾಕ್ಕೆ ಹೊಂದಿಸುವುದು) ಬಳಸಲೇಬೇಡಿ, ಅದರೊಳಗಿನ ತಂತಿಗಳು ಒಂದಕ್ಕೊಂದು ತಾಗಿ ಬೆಂಕಿ ಹತ್ತುವುದುಂಟು. ಹಳೆಯ ಮಾಡ್ಯುಲರ್ (ಕೇಬಲ್ ಕಳಚಲು ಬರುವ) ಎಸ್‌ಎಂಪಿಎಸ್‌ನ ಕೇಬಲ್ಲನ್ನು ಹೊಸದಕ್ಕೆ ಚುಚ್ಚುವುದು ಅದಕ್ಕಿಂತ ಅಪಾಯ. ಕನೆಕ್ಟರ್ ಒಂದೇ ಥರ ಕಂಡರೂ ಎಸ್‌ಎಂಪಿಎಸ್ ಬದಿಯ ಪಿನ್ ಜೋಡಣೆ ಕಂಪನಿಗೊಂದು. 5 ವೋಲ್ಟ್ ಹೋಗಬೇಕಾದಲ್ಲಿ 12 ವೋಲ್ಟ್ ಹೋಗಿ ಎಲ್ಲ ಡಿಸ್ಕೂ ಒಂದೇ ಏಟಿಗೆ ಹೋಗುತ್ತವೆ.

ಹೊರಗಿನ ಯುಎಸ್‌ಬಿ ಪೆಟ್ಟಿಗೆಯಿಂದ ಬಿಚ್ಚಿ ತೆಗೆದ ಡಿಸ್ಕ್ ಬಳಸುವವರಿಗೆ: ಅದು ತಿರುಗದೇ ಇದ್ದರೆ ಕೆಟ್ಟಿದೆ ಎಂದುಕೊಳ್ಳಬೇಡಿ. ಹೊಸ ಸಾಟಾ ನಿಯಮದಲ್ಲಿ ಮೂರನೆಯ ಪಿನ್ನಿಗೆ 3.3 ವೋಲ್ಟ್ ಬಂದರೆ ಡಿಸ್ಕ್ ಮಲಗಿಬಿಡುತ್ತದೆ. 3.3 ವೋಲ್ಟಿನ ತಂತಿ ಇಲ್ಲದ ಕೇಬಲ್ ಹಾಕಿದರೆ ಎದ್ದು ಕೂರುತ್ತದೆ.

ಇನ್ನು ಕೇಬಲ್ ಬಾಗುವ ಜಾಗ. ಟ್ರೇಗಳು ಒತ್ತೊತ್ತಾಗಿ ಇರುತ್ತವೆ, ಪವರ್ ಸರದ ಕನೆಕ್ಟರುಗಳ ನಡುವೆ ಮಾತ್ರ ತಂತಿ ಉದ್ದ. ಹೆಚ್ಚಾದ ತಂತಿ ಡೊಂಕಾಗಿ ಹೊರಗೆ ಉಬ್ಬುತ್ತದೆ. ಬದಿಯ ತಗಡನ್ನು ಮುಚ್ಚುವಾಗ ಆ ಉಬ್ಬು ಕನೆಕ್ಟರನ್ನು ಓರೆಯಾಗಿ ತಳ್ಳುತ್ತದೆ. ಡಿಸ್ಕಿನ ತುದಿಯಲ್ಲಿ ಆ ಕನೆಕ್ಟರನ್ನು ಹಿಡಿದಿರುವುದು ಉಗುರಿನಷ್ಟು ತೆಳುವಾದ, ಎಲ್ ಆಕಾರದ ಕಪ್ಪು ಪ್ಲಾಸ್ಟಿಕ್ ನಾಲಿಗೆ. ಅದು ಲಟ್ಟೆಂದು ಮುರಿದರೆ ವಾರಂಟಿಯವರು ಒಪ್ಪುವುದಿಲ್ಲ. ತಗಡು ತಾನಾಗಿ ಮುಚ್ಚದಿದ್ದರೆ ಮೊಣಕಾಲು ಕೊಟ್ಟು ಒತ್ತದೆ, ಬಿಚ್ಚಿ ಕೇಬಲ್ ಮತ್ತೆ ಹಾಸಿ. ಡೇಟಾ ಕೇಬಲ್ ಕೂಡ ಅಷ್ಟೇ, ಇಷ್ಟು ದೊಡ್ಡ ಕ್ಯಾಬಿನೆಟ್ಟಿನಲ್ಲಿ ಅರ್ಧ ಮೀಟರಿನದು ಮೇಲಿನ ಡಿಸ್ಕಿಗೆ ಎಟುಕುವುದಿಲ್ಲ. ಡಿಸ್ಕ್ ಕಾರ್ಡಿಗೆ 75 ಸೆ.ಮೀ. ಅಥವಾ ಒಂದು ಮೀಟರಿನ ಕವಲು ಕೇಬಲ್ ಕೊಳ್ಳಿ. ಒಂದು ಮೀಟರ್ ಸಾಟಾದ ಮಿತಿ, ಅದನ್ನು ದಾಟಬೇಡಿ.

ಎಲ್ಲ ಜೋಡಿಸಿ ಚಾಲೂ ಮಾಡಿದಮೇಲೆ ನಿಜವಾದ ಪರೀಕ್ಷೆ ಬಿಸಿಯದು. ಕ್ಯಾಬಿನೆಟ್ ದೊಡ್ಡದಿದ್ದರೆ ತಂಪಾಗಿರುತ್ತದೆ ಎಂಬುದು ಪೂರ್ತಿ ಸರಿಯಲ್ಲ. ಗಾಳಿ ಸುಲಭದ ದಾರಿ ಹಿಡಿಯುತ್ತದೆ. ಡಿಸ್ಕುಗಳ ನಡುವಿನ ಸಂದಿಗಿಂತ ಪಕ್ಕದ ಖಾಲಿ ಜಾಗ ಅಗಲವಾಗಿದ್ದರೆ ಅಲ್ಲೇ ನುಗ್ಗಿ ಹೊರಟುಹೋಗುತ್ತದೆ, ಡಿಸ್ಕ್ ಬಿಸಿಯಲ್ಲೇ ಉಳಿಯುತ್ತದೆ. ನಾವು ಮಾಡಿದ್ದಿಷ್ಟು: ಮುಂದೆ 140 ಮಿ.ಮೀ.ನ ಮೂರು ಫ್ಯಾನ್ ಒಳಗೆ ಊದುವಂತೆ, ಹಿಂದೆ ಒಂದು ಹೊರಗೆ ಎಳೆಯುವಂತೆ, ಮೇಲಿನ ಜಾಲರಿಗೆ ಮುಚ್ಚಿದ ಹಲಗೆ, ಖಾಲಿ ಟ್ರೇ ಜಾಗಕ್ಕೆ ಅಳತೆಗೆ ಕತ್ತರಿಸಿದ ತೆಳು ಪ್ಲಾಸ್ಟಿಕ್ ಹಾಳೆ. ಕ್ಯಾಬಿನೆಟ್ ಜತೆ ಬರುವ ಫ್ಯಾನ್ ಮೂರೇ, ನಾಲ್ಕನೆಯದನ್ನು ಕೊಂಡದ್ದು.

ಎಲ್ಲಕ್ಕಿಂತ ಹೆಚ್ಚು ತಲೆಕೆಡಿಸಿದ್ದು ಫ್ಯಾನಿನ ವೇಗ. ಬೋರ್ಡಿನಲ್ಲೇ ಇರುವ ಮೂಲ ಸಾಫ್ಟ್‌ವೇರ್ ಬಯಾಸ್, ಅದು ಫ್ಯಾನನ್ನು ನಡೆಸುವುದು ಪ್ರೊಸೆಸರಿನ ಬಿಸಿ ನೋಡಿಕೊಂಡು. ಫೈಲ್ ಸರ್ವರಿನಲ್ಲಿ ಪ್ರೊಸೆಸರ್‌ಗೆ ಹೆಚ್ಚು ಕೆಲಸವೇ ಇಲ್ಲ, ಅದು ತಣ್ಣಗಿರುತ್ತದೆ. ಹಾಗಾಗಿ ಡಿಸ್ಕುಗಳು ರಾತ್ರಿಯಿಡೀ ಸ್ಕ್ರಬ್ಬಿನಲ್ಲಿ (ಇರುವುದನ್ನೆಲ್ಲ ಓದಿ ಸರಿಯಿದೆಯೇ ನೋಡುವ ಕೆಲಸ) ಬೇಯುತ್ತಿದ್ದರೂ ಫ್ಯಾನ್ ನಿಧಾನವಾಗಿಯೇ ಸುತ್ತುತ್ತಿರುತ್ತದೆ. ಮುಂದಿನ ಫ್ಯಾನುಗಳಿಗೆ ಬಯಾಸಿನಲ್ಲಿ ಒಂದೇ ಸ್ಥಿರ ವೇಗ ಕೊಡುವುದು ಸುಲಭದ ಪರಿಹಾರ. ಡಿಸ್ಕಿನ ಬಿಸಿಯನ್ನು ಸ್ಮಾರ್ಟ್‌ಸಿಟಿಎಲ್ ಎಂಬ ಸಾಫ್ಟ್‌ವೇರಿನಿಂದ ಓದಿ ವೇಗ ಬದಲಿಸುವ ಸ್ಕ್ರಿಪ್ಟ್ ಬರೆಯಲು ಬಂದರೆ ಇನ್ನೂ ಒಳ್ಳೆಯದು. ಎಲ್ಲ ಡಿಸ್ಕಿಗೂ ಒಟ್ಟಿಗೆ ಸ್ಮಾರ್ಟ್‌ನ (ಡಿಸ್ಕ್ ತನ್ನ ಆರೋಗ್ಯ ತಾನೇ ನೋಡಿಕೊಳ್ಳುವ ವ್ಯವಸ್ಥೆ) ದೀರ್ಘ ಪರೀಕ್ಷೆ ಹಚ್ಚಿ, ಮೂರ್ನಾಲ್ಕು ಗಂಟೆ ಬಿಟ್ಟು ಅದರ ವರದಿಯ 194ನೇ ಸಾಲಿನ ಬಿಸಿ ಬರೆದಿಟ್ಟುಕೊಳ್ಳಿ. ಕೋಣೆಗಿಂತ ಎಂಟು-ಹತ್ತು ಡಿಗ್ರಿ ಹೆಚ್ಚಿದ್ದರೆ ಚಿಂತೆಯಿಲ್ಲ. ಒಂದು ಡಿಸ್ಕ್ ಮಾತ್ರ ಉಳಿದವಕ್ಕಿಂತ ಐದಾರು ಡಿಗ್ರಿ ಮೇಲಿದ್ದರೆ ಅದರ ಮುಂದೆ ಕೇಬಲ್ ಅಡ್ಡ ಬಂದಿದೆ ಅಥವಾ ಫ್ಯಾನಿನ ಗಾಳಿ ಅದಕ್ಕೆ ತಾಗುತ್ತಿಲ್ಲ. 45 ಡಿಗ್ರಿಯನ್ನು ನಾವು ಗಡಿ ಎಂದು ಇಟ್ಟುಕೊಂಡಿದ್ದೇವೆ. ಬೇಸಗೆಯ ಮಧ್ಯಾಹ್ನ ಆ ಗಡಿಗೆ ಹತ್ತಿರ ಬಂದರೆ ಈ ಕ್ಯಾಬಿನೆಟ್ಟಿನ ಮುಂದಿನ ಬಾಗಿಲನ್ನು ತೆರೆದಿಟ್ಟರೆ ಇಳಿಯುತ್ತದೆ. ರಾಯಚೂರು, ಕಲಬುರಗಿ, ಬಳ್ಳಾರಿ ಕಡೆಯವರು ಬಾಗಿಲಿರುವ ಈ ಮಾದರಿಗಿಂತ ಮುಂಭಾಗ ಪೂರ್ತಿ ಜಾಲರಿಯಿರುವ ಮೆಶಿಫೈ 2 ಎಕ್ಸ್‌ಎಲ್ ನೋಡುವುದು ಲೇಸು. ಸದ್ದು ಸ್ವಲ್ಪ ಹೆಚ್ಚು, ಆದರೆ ಆ ಬಿಸಿಲಿಗೆ ಗಾಳಿಯೇ ಮುಖ್ಯ.

ಸದ್ದಿನ ಮಾತು ಬಂತು. 7200 ಆರ್‌ಪಿಎಂ ಡಿಸ್ಕ್ ಸೆಕೆಂಡಿಗೆ 120 ಸುತ್ತು ಸುತ್ತುತ್ತದೆ. ಅದೇ 120 ಹರ್ಟ್ಸ್‌ನ ಗುಂಯ್ ಎಂಬ ನಾದ. ಟೊಳ್ಳು ಮರದ ಮೇಜಿನ ಮೇಲಿಟ್ಟರೆ ಮೇಜೇ ಅದನ್ನು ದೊಡ್ಡದು ಮಾಡುತ್ತದೆ. ನೆಲದ ಮೇಲೆ ಕಡಪಾ ಕಲ್ಲಿನ ತುಂಡು ಹಾಕಿ, ಅದರ ಮೇಲೆ ಕೂರಿಸಿದಮೇಲೆ ಪಕ್ಕದ ಕೋಣೆಗೆ ಕೇಳಿಸುವುದು ನಿಂತಿತು. ನೆಲದಿಂದ ಅಷ್ಟು ಎತ್ತರವಾದ್ದರಿಂದ ಮನೆ ಒರೆಸುವ ನೀರೂ ತಾಗುವುದಿಲ್ಲ, ತಳದ ಫಿಲ್ಟರಿಗೆ ಧೂಳೂ ಕಡಿಮೆ. ಹಿಂಭಾಗದ ಖಾಲಿ ಸ್ಲಾಟುಗಳನ್ನು ಮುಚ್ಚಿಡಿ, ಬೆಚ್ಚಗಿನ ಜಾಗ ಹುಡುಕುವ ಹಲ್ಲಿ, ಜಿರಲೆಗಳಿಗೆ ಅದೇ ಬಾಗಿಲು.

ತಗಡಿನ ಕ್ಯಾಬಿನೆಟ್ ಮುಟ್ಟಿದಾಗ ಬೆರಳು ಜುಮ್ಮೆಂದರೆ ಅಲಕ್ಷ್ಯ ಮಾಡಬೇಡಿ. ಎಸ್‌ಎಂಪಿಎಸ್‌ನ ಫಿಲ್ಟರ್ ಕೆಪಾಸಿಟರುಗಳು ಸಣ್ಣ ಪ್ರಮಾಣದ ಕರೆಂಟನ್ನು ಅರ್ಥಿಂಗ್ ತಂತಿಗೆ ಬಿಡುತ್ತಿರುತ್ತವೆ. ಪ್ಲಗ್ಗಿನಲ್ಲಿ ಅರ್ಥಿಂಗ್ ಇಲ್ಲದಿದ್ದರೆ ಅದು ಕ್ಯಾಬಿನೆಟ್ಟಿನ ಮೈಯಲ್ಲೇ ನಿಲ್ಲುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ನ್ಯೂಟ್ರಲ್ ಮತ್ತು ಅರ್ಥ್ ನಡುವಿನ ವೋಲ್ಟೇಜ್ ಅಳೆಸಿ, ಎರಡು-ಮೂರು ವೋಲ್ಟಿನೊಳಗೆ ಇರಬೇಕು. ಯುಪಿಎಸ್ ಹಾಕುವ ಮೊದಲೇ ಇದನ್ನು ಸರಿಪಡಿಸಿ.

ಖರ್ಚಿನ ಅಂದಾಜು ಕೇಳುವವರಿಗೆ: ಟ್ರೇ ಬಿಟ್ಟು ಕ್ಯಾಬಿನೆಟ್ ಒಂದಕ್ಕೇ 20,000 ರೂಪಾಯಿ ದಾಟಿತು, 18 ಶೇಕಡಾ ಜಿಎಸ್‌ಟಿ ಸೇರಿ. 8 ಟಿಬಿಯ ಒಂದು ನಾಸ್ (ಫೈಲ್ ಸರ್ವರ್‌ಗೆಂದೇ ಮಾಡಿದ) ಡಿಸ್ಕಿನ ಆಗಿನ ಬೆಲೆಗೆ ಹತ್ತಿರ. ಟ್ರೇ ಕಿಟ್, ಹೆಚ್ಚಿನ ಫ್ಯಾನ್, ಕೇಬಲ್, ಸಾಗಾಟಕ್ಕೆ ಮತ್ತೊಂದಿಷ್ಟು ಬೇರೆ. ದುಬಾರಿ ಅನಿಸಿದ್ದು ನಿಜ. ಆದರೆ ಬೋರ್ಡ್, ಪ್ರೊಸೆಸರ್ ಎರಡು ಸಲ ಬದಲಾದರೂ ಈ ಪೆಟ್ಟಿಗೆ ಹಾಗೇ ಇರುತ್ತದೆ ಎಂಬ ಲೆಕ್ಕದಲ್ಲಿ ಸಮಾಧಾನವಿದೆ. ಎಂಟೇ ಸಾಕು ಅನ್ನುವವರು ಪಿ101 ತೆಗೆದುಕೊಂಡರೆ ಇದಕ್ಕಿಂತ ಕಡಿಮೆಯಲ್ಲಿ ಮುಗಿಯುತ್ತದೆ.

ಬದಿಯ ತಗಡು ಮುಚ್ಚುವ ಮೊದಲು ಇದನ್ನೂ ಮಾಡಿ. ಪ್ರತಿ ಡಿಸ್ಕಿನ ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರಗಳನ್ನು ಸಣ್ಣ ಚೀಟಿಯಲ್ಲಿ ಬರೆದು ಟ್ರೇಯ ಕಾಣುವ ತುದಿಗೆ ಅಂಟಿಸಿ, ಮೇಲಿನಿಂದ ಕೆಳಗಿನ ಕ್ರಮದಲ್ಲಿ ಒಂದು ಫೋಟೊ ತೆಗೆದಿಡಿ. ಲಿನಕ್ಸ್ ಕೊಡುವ ಎಸ್‌ಡಿಎ, ಎಸ್‌ಡಿಬಿ ಹೆಸರುಗಳು ಮರುಚಾಲನೆಗೊಮ್ಮೆ ಅದಲುಬದಲಾಗಬಹುದು, ಸೀರಿಯಲ್ ನಂಬರ್ ಆಗುವುದಿಲ್ಲ. ಉಳಿದ ಸ್ಕ್ರೂ, ರಬ್ಬರ್ ಬಿಲ್ಲೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಡಬ್ಬದ ಜತೆ ಅಟ್ಟಕ್ಕೆ ಕಳಿಸದೆ, ಕ್ಯಾಬಿನೆಟ್ಟಿನ ಒಳತಳಕ್ಕೇ ಟೇಪ್ ಹಾಕಿ ಅಂಟಿಸಿಡಿ.